ಚಿಕ್ಕ ಶಾಲೆಯ ಗುಣ

ಹುಬ್ಬಳ್ಳಿಯಿಂದ ದಾವಣಗೆರೆಯ ಕಡೆಗೆ ಸಾಗುವ ರೈಲುಹಾದಿಯಲ್ಲಿ ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಎಂಬ ಮೂರು ಊರುಗಳು ಒಂದರ ಬಳಿಕ ಒಂದು ಬರುತ್ತವೆ. ಏಲಕ್ಕಿಯ ಮಾಲೆಗೆ ಹಾವೇರಿ ಹೆಸರಾದರೆ, ಕಡುಗೆಂಪು ಬಣ್ಣದ ಮೆಣಸಿನಕಾಯಿಗೆ ಬ್ಯಾಡಗಿ, ಬಿತ್ತನೆಯ ಬೀಜಕ್ಕೆ ರಾಣೇಬೆನ್ನೂರು. ಹಳೆಯ ಧಾರವಾಡ ಜಿಲ್ಲೆಯ ಭಾಗವಾಗಿದ್ದ ಈ ಸೀಮೆ 1997ರಲ್ಲಿ ಹಾವೇರಿ ಜಿಲ್ಲೆಯೆಂದು ಬೇರೆಯಾಯಿತು. ಮೂರೂ ವ್ಯಾಪಾರದ ಊರುಗಳು. ಸರಕಿನ ಗುಣವನ್ನು ಬಲ್ಲವರು ವಾಸಿಸುವ ಊರುಗಳು. ಬ್ಯಾಡಗಿಯ ಅಡತಿ ಅಂಗಡಿಯಲ್ಲಿ ಕುಳಿತವನು ಒಂದು ಮೆಣಸಿನಕಾಯಿಯನ್ನು ಮುರಿದು, ಮೂಸಿ, ಬೆಳಕಿಗೆ ಹಿಡಿದು ಅದರ ದರ್ಜೆಯನ್ನು ಹೇಳಬಲ್ಲನು. ಆದರೆ ಅದೇ ಮನುಷ್ಯನು ಮಗನನ್ನು ಶಾಲೆಗೆ ಸೇರಿಸಲು ಹೋದ ದಿನ, ಶಾಲೆಯ ಗುಣವನ್ನು ಯಾವುದರಿಂದ ಅಳೆಯಬೇಕೆಂದು ತೋಚದೆ, ಅಲ್ಲಿಯ ಮಕ್ಕಳ ಕೊರಳಪಟ್ಟಿಯನ್ನೂ ಕಾಲಿನ ಬೂಟನ್ನೂ ನೋಡಿ, ತೃಪ್ತಿಯಿಂದ ಹಣ ಕಟ್ಟಿ ಬರುತ್ತಾನೆ.

ಅವನು ಮಗನನ್ನು ಸೇರಿಸಿದ್ದು ‘ಕಾನ್ವೆಂಟಿಗೆ’. ಈ ಶಬ್ದದ ಕಥೆ ಸ್ವಾರಸ್ಯವಾದುದು. ಕಾನ್ವೆಂಟ್ ಎಂದರೆ ಕ್ರೈಸ್ತ ಸಂನ್ಯಾಸಿನಿಯರು ಕೂಡಿ ಬಾಳುವ ಮಠ. ಮಠದ ಪಕ್ಕದಲ್ಲಿ ಅವರು ನಡೆಸುತ್ತಿದ್ದ ಶಾಲೆಗೆ ಅದೇ ಹೆಸರು ಅಂಟಿಕೊಂಡಿತು. ಆ ಬಳಿಕ ಇಂಗ್ಲಿಷಿನಲ್ಲಿ ಕಲಿಸುವ ಶಾಲೆಗಳಿಗೆಲ್ಲ ಜನ ಆ ಹೆಸರನ್ನೇ ಕೊಟ್ಟರು. ಇಂದು ಸಂನ್ಯಾಸಿನಿಯರ ಮುಖವನ್ನೇ ಕಾಣದ, ಬಾಡಿಗೆಯ ಎರಡು ಕೋಣೆಗಳಲ್ಲಿ ನಡೆಯುವ ಶಾಲೆಯೂ ಕಾನ್ವೆಂಟೇ. ಹೀಗೆ ಹೆಸರು ಹಬ್ಬಿತು. ಹೆಸರಿಗೆ ಕಾರಣವಾದ ಗುಣ ಅದರೊಡನೆ ಹಬ್ಬಿತೇ ಎಂಬುದು ವಿಚಾರ ಮಾಡತಕ್ಕ ಮಾತು. ಅದನ್ನು ತಿಳಿಯಬೇಕಾದರೆ, ಕ್ಯಾಥೊಲಿಕ್ ಪಂಗಡದವರು ಸಣ್ಣ ಊರುಗಳಲ್ಲಿ ನಡೆಸುವ ಚಿಕ್ಕ ಪ್ರಾಥಮಿಕ ಶಾಲೆಯೊಂದರ ಒಳಗೆ ಏನು ನಡೆಯುತ್ತದೆ, ಏನು ನಡೆಯಬೇಕು ಎಂಬುದನ್ನು ನೋಡಬೇಕಾಗುತ್ತದೆ.

ಕರಾವಳಿಯಲ್ಲಿ ಇಂಥ ಶಾಲೆಗಳು ಹಳೆಯವು. ಅಪೊಸ್ತಲಿಕ್ ಕಾರ್ಮೆಲ್ ಸಭೆಯ ಸಂನ್ಯಾಸಿನಿಯರು ಮಂಗಳೂರಿಗೆ ಬಂದುದು 1870ರಲ್ಲಿ. ಧಾರವಾಡದ ಸೀಮೆಯಲ್ಲಿ ಮೊದಲು ಶಾಲೆ ತೆರೆದ ಮಿಶನರಿಗಳು ಪ್ರಾಟೆಸ್ಟಂಟ್ ಪಂಗಡದವರು. ಬಾಸೆಲ್ ಮಿಶನ್ 1837ರಲ್ಲಿಯೇ ಧಾರವಾಡದಲ್ಲಿ ನೆಲೆಯೂರಿತ್ತು. ಕ್ಯಾಥೊಲಿಕರ ಬೆಳಗಾವಿ ಧರ್ಮಪ್ರಾಂತ್ಯ ರೂಪುಗೊಂಡುದು 1953ರಷ್ಟು ಈಚೆಗೆ. ಆದುದರಿಂದ ಬಯಲುಸೀಮೆಯ ಈ ಭಾಗದಲ್ಲಿ ಕ್ಯಾಥೊಲಿಕರ ಸಂಖ್ಯೆ ಕಡಿಮೆ. ಅವರ ಶಾಲೆಯ ಪಟ್ಟಿಯಲ್ಲಿ ಬಸವರಾಜ, ಗಂಗಮ್ಮ, ಮಹಬೂಬ ಮೊದಲಾದ ಹೆಸರುಗಳ ನಡುವೆ ಕ್ರೈಸ್ತ ಹೆಸರು ಅಲ್ಲೊಂದು ಇಲ್ಲೊಂದು. ಕಲಿಸುವ ಸಂನ್ಯಾಸಿನಿಯರಲ್ಲಿ ಹಲವರು ಹೊರಗಿನಿಂದ ಬಂದವರು; ಒಬ್ಬರ ಮನೆಮಾತು ಕೊಂಕಣಿ, ಇನ್ನೊಬ್ಬರದು ಮಲೆಯಾಳ. ಅವರು ಕನ್ನಡ ಕಲಿತೇ ಬಂದಿರುತ್ತಾರೆ. ಆದರೆ ಪುಸ್ತಕದ ಕನ್ನಡ ಹಿಡಿದು ಬಂದವರಿಗೆ ಮೊದಲ ದಿನವೇ ಒಂದನೆಯ ತರಗತಿಯ ಹುಡುಗ “ಅಕ್ಕೋರ, ನಾ ಒಲ್ಲೆ, ಮನಿಗಿ ಹೊಕ್ಕೀನಿ” ಎಂದರೆ, ಅರ್ಥಕ್ಕಾಗಿ ಆಯಾಳ ಮುಖ ನೋಡಬೇಕಾಗುತ್ತದೆ. ಆರು ತಿಂಗಳಲ್ಲಿ ಆ ಮಾತನ್ನು ತಾನೂ ಕಲಿತು, ಮಗುವಿನ ಮಾತಿನಲ್ಲಿಯೇ ಮಗುವನ್ನು ಸಮಾಧಾನಗೊಳಿಸುವ ಅಧ್ಯಾಪಿಕೆ ಒಳ್ಳೆಯ ಅಧ್ಯಾಪಿಕೆ. ಆ ಮಾತು ಅಶುದ್ಧವೆಂದು ಹೇಳಿ ಮಗುವಿನ ಬಾಯಿ ಮುಚ್ಚಿಸುವವಳಿಗೆ ಎಷ್ಟು ಪದವಿಗಳಿದ್ದರೂ ಪ್ರಯೋಜನವಿಲ್ಲ. ಶಾಲೆಯ ಗುಣದ ಮೊದಲ ಲಕ್ಷಣ ಇಲ್ಲಿ ಕಾಣುತ್ತದೆ; ಅದು ಕಟ್ಟಡದಲ್ಲಿಯೂ ಇಲ್ಲ, ಉಡುಪಿನಲ್ಲಿಯೂ ಇಲ್ಲ.

ಮಗು ತನ್ನ ಊರಿನ ಹೆಸರನ್ನು ಎಂದು ಬರೆಯಬಲ್ಲದು? ಇದು ಸಣ್ಣ ಪ್ರಶ್ನೆಯಂತೆ ತೋರಬಹುದು. ಹಾವೇರಿಯ ಮಗು ಭಾಗ್ಯಶಾಲಿ. ‘ಹಾವೇರಿ’ ಎಂಬಲ್ಲಿ ಒತ್ತಕ್ಷರವಿಲ್ಲ. ಕಾಗುಣಿತ ಬಂದೊಡನೆ ಆ ಹೆಸರು ಪಾಟಿಯ ಮೇಲೆ ಮೂಡುತ್ತದೆ. ರಾಣೇಬೆನ್ನೂರಿನ ಮಗು ‘ನ’ಕಾರಕ್ಕೆ ‘ನ’ಕಾರದ ಒತ್ತು ಕಲಿಯುವವರೆಗೆ, ಎಂದರೆ ಸಜಾತೀಯ ಒತ್ತಕ್ಷರದವರೆಗೆ ಕಾಯಬೇಕು. ಬ್ಯಾಡಗಿಯ ಮಗುವಿನ ಪಾಡು ಇನ್ನೂ ಕಷ್ಟ. ಅದರ ಊರಿನ ಮೊದಲನೆಯ ಅಕ್ಷರವೇ ವಿಜಾತೀಯ ಸಂಯುಕ್ತಾಕ್ಷರ. ‘ಬ’ಕಾರದ ಕೆಳಗೆ ‘ಯ’ಕಾರ, ಅದರ ಮೇಲೆ ದೀರ್ಘ. ಕಾಗುಣಿತವನ್ನು ಬಾಯಿಪಾಠ ಒಪ್ಪಿಸುವ ಎಷ್ಟೋ ಮಕ್ಕಳು ಎರಡನೆಯ, ಮೂರನೆಯ ತರಗತಿಯಲ್ಲಿ ಓದು ನಿಲ್ಲಿಸುವುದು ಈ ಒತ್ತಕ್ಷರದ ಹೊಸ್ತಿಲಲ್ಲಿ. ಅಲ್ಲಿ ಎಡವಿದ ಮಗು ಮುಂದೆ ಐದನೆಯ ತರಗತಿಗೆ ಬರುತ್ತದೆ. ಆದರೆ ಓದಿನಲ್ಲಿ ಎರಡನೆಯ ತರಗತಿಯಲ್ಲಿಯೇ ಉಳಿದಿರುತ್ತದೆ. 2005ರಿಂದ ‘ಪ್ರಥಮ್’ ಸಂಸ್ಥೆಯವರು ದೇಶದ ಹಳ್ಳಿಗಳಲ್ಲಿ ಮಾಡುತ್ತ ಬಂದ ಸಮೀಕ್ಷೆಗಳು ತೋರಿಸಿರುವುದೂ ಇದನ್ನೇ: ಐದನೆಯ ತರಗತಿಯ ಮಕ್ಕಳಲ್ಲಿ ದೊಡ್ಡ ಪಾಲು ಎರಡನೆಯ ತರಗತಿಯ ಪಾಠವನ್ನು ಸರಾಗವಾಗಿ ಓದಲಾರರು.

ಚಿಕ್ಕ ಶಾಲೆಯ ಅನುಕೂಲ ಇರುವುದು ಇಲ್ಲಿಯೇ. ಇಪ್ಪತ್ತೈದು ಮಕ್ಕಳ ತರಗತಿಯಲ್ಲಿ ಯಾರು ಯಾವ ಅಕ್ಷರದ ಬಳಿ ನಿಂತಿದ್ದಾರೆಂಬುದು ಅಧ್ಯಾಪಿಕೆಯ ನೆನಪಿನಲ್ಲಿರುತ್ತದೆ. ಹಿಂದಿನ ಸಾಲಿನ ಹುಡುಗಿ ತುಟಿ ಅಲ್ಲಾಡಿಸುತ್ತಿದ್ದಾಳೆಯೇ ಹೊರತು ಓದುತ್ತಿಲ್ಲ ಎಂಬುದು ಅವಳ ಕಣ್ಣಿಗೆ ಬೀಳುತ್ತದೆ. ಎಪ್ಪತ್ತು ಮಕ್ಕಳ ಗುಂಪಿನಲ್ಲಿ ಕೂಡಿ ಕೂಗುವ ದನಿ ಎಲ್ಲವನ್ನೂ ಮುಚ್ಚಿಬಿಡುತ್ತದೆ. 2009ರ ಶಿಕ್ಷಣ ಹಕ್ಕಿನ ಅಧಿನಿಯಮ ಅರುವತ್ತು ಮಕ್ಕಳವರೆಗಿನ ಕಿರಿಯ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು, ತೊಂಬತ್ತರವರೆಗೆ ಮೂವರು ಎಂದು ಗೊತ್ತುಮಾಡಿದುದರ ಹಿಂದೆ ಇರುವ ವಿವೇಕವೂ ಇದೇ. ಆದರೆ ಸಂಖ್ಯೆ ಕಡಿಮೆಯಾದ ಮಾತ್ರಕ್ಕೆ ಗುಣ ತಾನಾಗಿ ಬಾರದು. ಇಪ್ಪತ್ತು ಮಕ್ಕಳನ್ನು ಕೂರಿಸಿಕೊಂಡು ಹಲಗೆಯ ಮೇಲಿನ ಉತ್ತರವನ್ನು ನಕಲು ಮಾಡಿಸುವ ಅಧ್ಯಾಪಕರೂ ಇದ್ದಾರೆ.

ಈ ಬಗೆಯ ಶಾಲೆಗಳಿಗೆ ಮೂಲಪುರುಷನೆಂದು ಹೇಳಬಹುದಾದವನು ಜಾನ್ ಬ್ಯಾಪ್ಟಿಸ್ಟ್ ದ ಲಾ ಸಾಲ್. ಫ್ರಾನ್ಸಿನ ರೀಮ್ಸ್ ಪಟ್ಟಣದಲ್ಲಿ 1651ರಲ್ಲಿ ಸಿರಿವಂತರ ಮನೆಯಲ್ಲಿ ಹುಟ್ಟಿ, ಪಾದ್ರಿಯಾಗಿ, ದೊಡ್ಡ ಸ್ಥಾನದಲ್ಲಿದ್ದವನು ಅದನ್ನೂ ಆಸ್ತಿಯನ್ನೂ ಬಿಟ್ಟುಕೊಟ್ಟು, ಕೂಲಿಕಾರರ ಮಕ್ಕಳಿಗೆ ಕಲಿಸುವ ಉಪಾಧ್ಯಾಯರ ಸಂಘವೊಂದನ್ನು ಕಟ್ಟಿದನು. ಅವನ ಕಾಲದಲ್ಲಿ ಮಕ್ಕಳಿಗೆ ಮೊದಲು ಓದಿಸುತ್ತಿದ್ದುದು ಲ್ಯಾಟಿನ್ ಭಾಷೆಯನ್ನು. ಮನೆಯಲ್ಲಿ ಯಾರೂ ಆಡದ, ಬೀದಿಯಲ್ಲಿ ಯಾರೂ ಕೇಳದ ಆ ಭಾಷೆಯಲ್ಲಿ ಬಡವರ ಮಗು ಅಕ್ಷರ ಕೂಡಿಸಲು ಕಲಿಯುವ ಹೊತ್ತಿಗೆ ದುಡಿಯುವ ವಯಸ್ಸಾಗಿ ಶಾಲೆ ಬಿಡುತ್ತಿತ್ತು. ಲಾ ಸಾಲ್ ಮೊದಲು ಫ್ರೆಂಚಿನಲ್ಲಿ, ಎಂದರೆ ಮಕ್ಕಳ ಮಾತಿನಲ್ಲಿ ಓದು ಕಲಿಸಿದನು. ಒಬ್ಬೊಬ್ಬರನ್ನೇ ಕರೆದು ಪಾಠ ಒಪ್ಪಿಸಿಕೊಳ್ಳುತ್ತ ಉಳಿದವರನ್ನು ಸುಮ್ಮನೆ ಕೂರಿಸುವ ಪದ್ಧತಿಯನ್ನು ಬಿಟ್ಟು, ಮಕ್ಕಳನ್ನು ತರಗತಿಗಳಾಗಿ ವಿಂಗಡಿಸಿ ಒಟ್ಟಿಗೆ ಕಲಿಸಿದನು. ಉಪಾಧ್ಯಾಯರಿಗೇ ತರಬೇತಿ ಬೇಕೆಂದು ಅದಕ್ಕೂ ಏರ್ಪಾಡು ಮಾಡಿದನು. ಅವನು 1719ರಲ್ಲಿ ತೀರಿಕೊಂಡನು. ಶಾಲೆ ನಡೆಸುವ ರೀತಿಯನ್ನು ಕುರಿತ ಅವನ ಗ್ರಂಥ ಮರುವರ್ಷ ಅಚ್ಚಾಯಿತು. ಕ್ಯಾಥೊಲಿಕ್ ಸಭೆ ಅವನನ್ನು 1950ರಲ್ಲಿ ಶಿಕ್ಷಕರೆಲ್ಲರ ಪಾಲಕ ಸಂತನೆಂದು ಸಾರಿತು. ಅಂದಿನ ಲ್ಯಾಟಿನ್ ಇದ್ದ ಸ್ಥಾನದಲ್ಲಿ ಇಂದು ಇಂಗ್ಲಿಷ್ ಇದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಾ ಸಾಲನ ಹೆಸರು ಹೇಳುವ ಶಾಲೆ ಕನ್ನಡದ ಮಗುವಿಗೆ ಮೊದಲ ಓದನ್ನು ಕನ್ನಡದಲ್ಲಿ ಕೊಡದಿದ್ದರೆ, ಅದು ತನ್ನ ಗುರುವಿನ ಪಾಠವನ್ನೇ ಮರೆತಂತೆ.

ಈ ನೆಲದಲ್ಲಿಯೂ ಅಂಥದೇ ಹೋರಾಟ ನಡೆದಿತ್ತು. ಮುಂಬಯಿ ಇಲಾಖೆಗೆ ಸೇರಿದ್ದ ಧಾರವಾಡ, ಬೆಳಗಾವಿಯ ಸೀಮೆಗಳಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನವರೆಗೆ ಅನೇಕ ಕಡೆ ಕನ್ನಡದ ಮಕ್ಕಳಿಗೆ ಮರಾಠಿಯಲ್ಲಿ ಪಾಠ ನಡೆಯುತ್ತಿತ್ತು. ಶಿಕ್ಷಣ ಇಲಾಖೆಯಲ್ಲಿದ್ದ ರಸೆಲ್ ಎಂಬ ಅಧಿಕಾರಿಯ ಬೆಂಬಲದೊಡನೆ ಡೆಪ್ಯೂಟಿ ಚನ್ನಬಸಪ್ಪನವರು ಊರೂರು ಸುತ್ತಿ ಕನ್ನಡ ಶಾಲೆಗಳನ್ನು ತೆರೆಸಿದರು. ಇದ್ದ ಮರಾಠಿ ಶಾಲೆಗಳು ಕನ್ನಡಕ್ಕೆ ತಿರುಗುವಂತೆ ಮಾಡಿದರು. ಧಾರವಾಡದ ಟ್ರೇನಿಂಗ್ ಕಾಲೇಜಿನಿಂದ ಕನ್ನಡ ಮಾಸ್ತರರು ಹೊರಬರುವಂತೆ ದುಡಿದರು. ಆ ಮಾಸ್ತರರ ಪರಂಪರೆ ಸಣ್ಣದಲ್ಲ. ಶಿಶುನಾಳದ ಶರೀಫರು ಸಂತರಾಗುವ ಮೊದಲು ಕನ್ನಡ ಶಾಲೆಯ ಮಾಸ್ತರರು. ಕನ್ನಡ ಕಾದಂಬರಿಗೆ ಓದುಗರನ್ನು ಸೃಷ್ಟಿಸಿದ ಗಳಗನಾಥರು ಹಾವೇರಿ ಸೀಮೆಯವರು. ಅವರೂ ಕನ್ನಡ ಶಾಲೆಯಲ್ಲಿ ಕಲಿಸಿದವರು. ನಾಲ್ಕು ಇಯತ್ತೆಯ ಮಣ್ಣಿನ ಗೋಡೆಯ ಶಾಲೆಗಳಲ್ಲಿ ಮುಲ್ಕೀ ಪರೀಕ್ಷೆ ಮುಗಿಸಿದ ಮಾಸ್ತರರು ಕಲಿಸಿದ ಕೈಬರಹ, ಬಾಯಿಲೆಕ್ಕ, ಓದಿನ ಸ್ಪಷ್ಟತೆ ಇವು ಆ ಕಾಲದ ಹಿರಿಯರಲ್ಲಿ ಕೊನೆಯವರೆಗೂ ಉಳಿದವು. ಸರಕಾರಿ ಕನ್ನಡ ಶಾಲೆಯೆಂದರೆ ಮೂಗು ಮುರಿಯುವವರು ಇದನ್ನು ಮರೆಯಬಾರದು. ಕ್ಯಾಥೊಲಿಕ್ ಶಾಲೆಯ ಗುಣವನ್ನು ಹೊಗಳುವುದೆಂದರೆ ಪಕ್ಕದ ಸರಕಾರಿ ಶಾಲೆಯನ್ನು ಹಳಿಯುವುದೆಂದು ತಿಳಿಯಬೇಕಾಗಿಯೂ ಇಲ್ಲ.

ಭಾಷೆಯ ಪ್ರಶ್ನೆ ಮುಂದೆ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ನಾಲ್ಕನೆಯ ತರಗತಿಯವರೆಗೆ ಮಾತೃಭಾಷೆ ಅಥವಾ ಕನ್ನಡ ಮಾಧ್ಯಮವಿರಬೇಕೆಂದು ಕರ್ನಾಟಕ ಸರಕಾರ 1994ರ ಏಪ್ರಿಲಿನಲ್ಲಿ ಆಜ್ಞೆ ಹೊರಡಿಸಿತು. 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯ, ಮಾಧ್ಯಮವನ್ನು ಹೀಗೆ ಹೇರುವಂತಿಲ್ಲವೆಂದು ತೀರ್ಪಿತ್ತಿತು. ಅದೇ ದಿನ ಅದೇ ನ್ಯಾಯಾಲಯ ಮತ್ತೊಂದು ತೀರ್ಪಿನಲ್ಲಿ, ಅಲ್ಪಸಂಖ್ಯಾತರ ಶಾಲೆಗಳಿಗೆ ಶಿಕ್ಷಣ ಹಕ್ಕಿನ ಅಧಿನಿಯಮ ಅನ್ವಯಿಸದೆಂದು ಹೇಳಿತು. ಖಾಸಗಿ ಶಾಲೆ ನೂರಕ್ಕೆ ಇಪ್ಪತ್ತೈದು ಸ್ಥಾನಗಳನ್ನು ದುರ್ಬಲ ವರ್ಗದ ಮಕ್ಕಳಿಗೆ ಮೀಸಲಿಡಬೇಕೆಂಬ ಕಟ್ಟಳೆ ಆ ಅಧಿನಿಯಮದಲ್ಲಿದೆ. ಕ್ಯಾಥೊಲಿಕ್ ಶಾಲೆಗೆ ಅದರ ಬಂಧನವಿಲ್ಲ. ಎರಡು ತೀರ್ಪುಗಳು ಸೇರಿ ಇಂಥ ಶಾಲೆಗೆ ಎರಡು ಸ್ವಾತಂತ್ರ್ಯಗಳು ದೊರೆತವು. ಯಾವ ಭಾಷೆಯಲ್ಲಿ ಕಲಿಸಬೇಕು, ಯಾರ ಮಕ್ಕಳನ್ನು ಸೇರಿಸಿಕೊಳ್ಳಬೇಕು ಎಂಬುದು ಅದರ ಇಚ್ಛೆಗೆ ಬಿಟ್ಟ ಮಾತಾಯಿತು. ಕನ್ನಡವನ್ನು ಒಂದು ಭಾಷೆಯಾಗಿ ಎಲ್ಲ ಶಾಲೆಗಳೂ ಕಲಿಸಬೇಕೆಂದು ರಾಜ್ಯ 2015ರಲ್ಲಿ ಶಾಸನ ಮಾಡಿದೆ, ನಿಜ. ವಾರಕ್ಕೆ ಕೆಲವು ಗಂಟೆ ಕನ್ನಡ ಓದುವುದು ಬೇರೆ. ಕನ್ನಡದಲ್ಲಿ ಜಗತ್ತನ್ನು ಅರಿಯುವುದು ಬೇರೆ. ಕಟ್ಟಳೆ ಇಲ್ಲದಲ್ಲಿ ಶಾಲೆಯ ಅಂತಃಕರಣವೇ ಕಟ್ಟಳೆಯಾಗಬೇಕಾಗುತ್ತದೆ.

ಯಾರ ಮಕ್ಕಳು ಎಂಬ ಮಾತು ಬ್ಯಾಡಗಿಯಂಥ ಊರಿನಲ್ಲಿ ಬಲು ಸ್ಪಷ್ಟವಾಗಿ ಕಾಣುತ್ತದೆ. ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಗುರುತಿನ ಮನ್ನಣೆ ದೊರೆಯಿತು. ಅದರ ಬಣ್ಣಕ್ಕೆ ದೇಶವಿದೇಶಗಳಲ್ಲಿ ಬೇಡಿಕೆ ಇದೆ. ಆ ಮನ್ನಣೆಯ ಹಿಂದೆ ಕಾಯಿಯ ತೊಟ್ಟು ಬಿಡಿಸುತ್ತ ಕುಳಿತ ಹೆಂಗಸರ ಸಾಲುಗಳಿವೆ. ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ ಸುಗ್ಗಿ. ಕೆಂಪು ರಾಶಿಗಳ ನಡುವೆ, ಘಾಟಿಗೆ ಮೂಗುಬಾಯಿಗೆ ಸೆರಗು ಸುತ್ತಿಕೊಂಡು, ಬಿಡಿಸಿದ ತೂಕಕ್ಕೆ ತಕ್ಕ ಕೂಲಿ ಪಡೆಯುವ ತಾಯಿಗೆ ಎರಡು ಸಣ್ಣ ಕೈಗಳು ಜೊತೆಗೂಡಿದರೆ ಕೂಲಿ ಹೆಚ್ಚುತ್ತದೆ. ಇಲ್ಲವೆ ಮನೆಯಲ್ಲಿ ಕೂಸನ್ನು ನೋಡಿಕೊಳ್ಳಲು ಹಿರಿಯ ಮಗಳು ಬೇಕಾಗುತ್ತಾಳೆ. ಹಾಜರಿ ಪುಸ್ತಕದಲ್ಲಿ ಆ ಹುಡುಗಿಯ ಹೆಸರಿನ ಮುಂದೆ ಗೈರುಹಾಜರಿಯ ಗುರುತು ಬೀಳತೊಡಗುವುದು ಆಗ. ವರ್ಷದ ಕೊನೆಯ ಪಾಠಗಳು, ಪರೀಕ್ಷೆ ಎಲ್ಲವೂ ಆ ತಿಂಗಳುಗಳಲ್ಲಿಯೇ. ಲಾ ಸಾಲನ ಗ್ರಂಥದಲ್ಲಿ ಗೈರುಹಾಜರಿಗೆಂದೇ ಒಂದು ಅಧ್ಯಾಯವಿದೆ. ಮಗು ಬಾರದಿರುವುದಕ್ಕೆ ಕಾರಣ ಮಗುವಿನಲ್ಲಿರಬಹುದು, ತಂದೆತಾಯಿಗಳಲ್ಲಿರಬಹುದು, ಉಪಾಧ್ಯಾಯನಲ್ಲಿಯೇ ಇರಬಹುದು; ಯಾವುದೆಂದು ಮೊದಲು ತಿಳಿಯಬೇಕು ಎಂಬುದು ಅವನ ವಿಚಾರಸರಣಿ. ಮೂರು ದಿನ ಬಾರದ ಮಗುವಿನ ಮನೆಗೆ ಸಂಜೆ ನಡೆದುಹೋಗಿ ವಿಚಾರಿಸುವ ಅಭ್ಯಾಸ ಒಳ್ಳೆಯ ಚಿಕ್ಕ ಶಾಲೆಗಳಲ್ಲಿ ಉಂಟು. ಹೋದವರು ತಾಯಿಗೆ ಬುದ್ಧಿ ಹೇಳಿದರೆ ಏನೂ ಆಗದು. ಕೂಸನ್ನು ಅಂಗನವಾಡಿಯಲ್ಲಿ ಬಿಡಲು ಸಾಧ್ಯವೇ, ತಪ್ಪಿದ ಪಾಠವನ್ನು ಮುಂಜಾನೆ ಬೇಗ ಬಂದರೆ ಹೇಳಿಕೊಡಬಹುದೇ ಎಂದು ಕೇಳಿದರೆ ಹುಡುಗಿ ಮರಳಿ ಬರುವ ಸಂಭವ ಉಂಟು.

ಪೇಟೆಯ ಮಕ್ಕಳಿಗೆ ಲೆಕ್ಕ ಬಾರದೆಂದು ದೂರುವವರೂ ಇದ್ದಾರೆ. ಇದು ವಿಚಿತ್ರವಾದ ದೂರು. ತಂದೆಯ ಕಿರಾಣಿ ಅಂಗಡಿಯಲ್ಲಿ ಕುಳಿತ ಹತ್ತು ವರ್ಷದ ಹುಡುಗ ಕಾಲು ಕಿಲೋ ಬೆಲ್ಲ, ಎರಡು ಸಾಬೂನು, ಒಂದು ಬೆಂಕಿಪೆಟ್ಟಿಗೆಯ ಹಣವನ್ನು ಕೂಡಿಸಿ, ನೂರರ ನೋಟಿನಲ್ಲಿ ಕಳೆದು, ಚಿಲ್ಲರೆ ಎಣಿಸಿ ಕೊಡುತ್ತಾನೆ. ಅದೇ ಲೆಕ್ಕವನ್ನು ಹಲಗೆಯ ಮೇಲೆ ಬರೆದರೆ ತಲೆ ತಗ್ಗಿಸುತ್ತಾನೆ. ಬ್ರೆಜಿಲ್ ದೇಶದ ರೆಸೀಫೆ ನಗರದಲ್ಲಿ ಬೀದಿಯಲ್ಲಿ ತೆಂಗಿನಕಾಯಿ ಮೊದಲಾದುವನ್ನು ಮಾರುವ ಐವರು ಮಕ್ಕಳನ್ನು ಮೂವರು ವಿದ್ವಾಂಸರು ಹೀಗೆಯೇ ಪರೀಕ್ಷಿಸಿ 1985ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ವ್ಯಾಪಾರದ ನಡುವೆ ಕೇಳಿದ ಲೆಕ್ಕಗಳಲ್ಲಿ ನೂರಕ್ಕೆ 98 ಸರಿಯಾದವು. ಅವನ್ನೇ ಅಂಕಿಗಳಾಗಿ ಬರೆದುಕೊಟ್ಟಾಗ ಸರಿಯಾದುವು ನೂರಕ್ಕೆ 37 ಮಾತ್ರ. ಮಕ್ಕಳಲ್ಲಿ ಬುದ್ಧಿಯಿತ್ತು, ಶಾಲೆಯ ಲೆಕ್ಕಕ್ಕೂ ಆ ಬುದ್ಧಿಗೂ ನಡುವೆ ದಾರಿ ಇರಲಿಲ್ಲ. ಆ ದಾರಿಯನ್ನು ಹಾಕುವುದೇ ಪ್ರಾಥಮಿಕ ಶಾಲೆಯ ಕೆಲಸ. ರಾಣೇಬೆನ್ನೂರಿನ ಅಧ್ಯಾಪಿಕೆ ಬೀಜದ ಪೊಟ್ಟಣಗಳನ್ನೇ ತರಗತಿಗೆ ತಂದು, ಇಷ್ಟು ಬೆಲೆಯಾದರೆ ಎಷ್ಟು ಪೊಟ್ಟಣ, ಒಂದು ಎಕರೆಗೆ ಎಷ್ಟು ಎಂದು ಕೇಳಿದರೆ, ಮಕ್ಕಳು ಬಾಯಿಯಲ್ಲಿ ಹೇಳಿದುದನ್ನು ಆ ಬಳಿಕ ಅಂಕಿಯಲ್ಲಿ ಬರೆಯಿಸಬಹುದು. ಇದಕ್ಕೆ ಹಣ ಬೇಡ, ಯಂತ್ರ ಬೇಡ.

ಶಿಸ್ತಿನ ವಿಷಯದಲ್ಲಿ ಇಂಥ ಶಾಲೆಗಳಿಗೆ ಹೆಸರು ದೊಡ್ಡದು. ಹೊತ್ತಿಗೆ ಸರಿಯಾಗಿ ಗಂಟೆ, ಉಗುರು ಕತ್ತರಿಸಿದ ಬೆರಳು, ನೇರವಾದ ಸಾಲು, ಅಂಗಳದಲ್ಲಿ ಒಂದು ಕಸ ಬಿದ್ದರೂ ಹೆಕ್ಕುವ ಅಭ್ಯಾಸ ಇವೆಲ್ಲ ಒಳ್ಳೆಯವೇ. ಆದರೆ ಶಿಸ್ತು ಎಂಬ ಹೆಸರಿನಲ್ಲಿ ಬೆತ್ತ ಬೀಸುವ ಕಾಲ ಹೋಯಿತು. 2009ರ ಅಧಿನಿಯಮ ದೈಹಿಕ ಶಿಕ್ಷೆಯನ್ನು ನಿಷೇಧಿಸಿದೆ. ಆ ಅಧಿನಿಯಮ ತನಗೆ ಅನ್ವಯಿಸದೆಂದು ಬೆತ್ತವನ್ನು ಮರಳಿ ತರುವ ಶಾಲೆ ಇದ್ದರೆ, ಅದರ ಗುಣದ ಮಾತನ್ನು ಅಲ್ಲಿಗೇ ನಿಲ್ಲಿಸಬಹುದು. ಮಾರ್ಚಿ ತಿಂಗಳ ಬಿಸಿಲಿನಲ್ಲಿ ಆರು ವರ್ಷದ ಮಗುವಿನ ಕೊರಳಿಗೆ ಕಟ್ಟುವ ಪಟ್ಟಿಯೂ ಒಂದು ಬಗೆಯ ಶಿಕ್ಷೆಯೇ ಸರಿ. ಇನ್ನು ಧರ್ಮದ ವಿಷಯ. ಸರಕಾರದ ಮನ್ನಣೆ ಅಥವಾ ನೆರವು ಪಡೆದ ಶಾಲೆಯಲ್ಲಿ ತಂದೆತಾಯಿಗಳ ಒಪ್ಪಿಗೆಯಿಲ್ಲದೆ ಮಗುವನ್ನು ಧಾರ್ಮಿಕ ಬೋಧನೆಗೆ ಕೂರಿಸುವಂತಿಲ್ಲವೆಂದು ಸಂವಿಧಾನದ 28ನೆಯ ವಿಧಿ ಹೇಳುತ್ತದೆ. ಒಳ್ಳೆಯ ಶಾಲೆಗಳು ಕ್ರೈಸ್ತ ಮಕ್ಕಳಿಗೆ ಧರ್ಮಪಾಠ, ಉಳಿದವರಿಗೆ ನೀತಿಪಾಠ ಎಂದು ಬೇರೆ ಮಾಡಿಕೊಂಡಿರುತ್ತವೆ. ಕನಕದಾಸರ ಕಾಗಿನೆಲೆ ಬ್ಯಾಡಗಿಯ ತಾಲ್ಲೂಕಿನಲ್ಲಿಯೇ ಇದೆ. ನೀತಿಪಾಠಕ್ಕೆ ದೂರ ಹೋಗಬೇಕಾಗಿಲ್ಲ.

ಶಾಲೆಗೆ ಹೆಸರು ಬಂದ ಬಳಿಕ ಒದಗುವ ಅಪಾಯವೊಂದಿದೆ. ಅರ್ಜಿಗಳು ಹೆಚ್ಚುತ್ತವೆ, ಮೂರು ನಾಲ್ಕು ವರ್ಷದ ಕೂಸಿಗೆ ಪ್ರಶ್ನೆ, ತಂದೆತಾಯಿಗಳಿಗೆ ಪ್ರಶ್ನೆ ಆರಂಭವಾಗುತ್ತವೆ. ಓದುಬರಹ ಬಲ್ಲವರ ಮಕ್ಕಳು ಒಳಗೆ, ತೊಟ್ಟು ಬಿಡಿಸುವವಳ ಮಗಳು ಹೊರಗೆ. ಐದು ವರ್ಷ ಕಳೆದರೆ ಶಾಲೆಯ ಫಲಿತಾಂಶ ಥಳಥಳಿಸುತ್ತದೆ. ಆದರೆ ಅದು ಕಲಿಸಿದುದರ ಫಲವಲ್ಲ, ಆರಿಸಿದುದರ ಫಲ. ಮನೆಯಲ್ಲಿಯೇ ಅರ್ಧ ಕಲಿತು ಬಂದ ಮಗು ಶಾಲೆಯಲ್ಲಿ ಇನ್ನರ್ಧ ಕಲಿತರೆ ಅದರಲ್ಲಿ ಅಚ್ಚರಿಯೇನು? ಇಟಲಿಯಲ್ಲಿ ಲೊರೆಂಜೊ ಮಿಲಾನಿ ಎಂಬ ಕ್ಯಾಥೊಲಿಕ್ ಪಾದ್ರಿ ಇದಕ್ಕೆ ತೀರ ವಿರುದ್ಧವಾದ ಶಾಲೆಯೊಂದನ್ನು ನಡೆಸಿದನು. 1954ರ ಡಿಸೆಂಬರಿನಲ್ಲಿ ಅವನನ್ನು ಬಾರ್ಬಿಯಾನ ಎಂಬ ಬೆಟ್ಟದ ಹಳ್ಳಿಗೆ ಕಳುಹಿಸಲಾಯಿತು. ಅಲ್ಲಿ ಇದ್ದುದು ಒಂದು ಇಗರ್ಜಿ, ಚದುರಿದ ಕೆಲವು ರೈತರ ಮನೆಗಳು. ಸರಕಾರಿ ಶಾಲೆ ನಪಾಸು ಮಾಡಿ ಹೊರಗೆ ಕಳುಹಿಸಿದ ಹುಡುಗರನ್ನು ಅವನು ಕೂರಿಸಿಕೊಂಡನು. ದೊಡ್ಡವರು ಚಿಕ್ಕವರಿಗೆ ಕಲಿಸಿದರು. ಅರ್ಥವಾಗದವನೊಬ್ಬ ಉಳಿದರೆ ಪಾಠ ಅವನಿಗಾಗಿ ನಿಲ್ಲುತ್ತಿತ್ತು. 1967ರಲ್ಲಿ ಅಲ್ಲಿಯ ಎಂಟು ಮಂದಿ ವಿದ್ಯಾರ್ಥಿಗಳು ಸೇರಿ ಅಧ್ಯಾಪಿಕೆಯೊಬ್ಬಳಿಗೆ ಬರೆದ ಪತ್ರದ ರೂಪದ ಪುಸ್ತಕವೊಂದನ್ನು ಹೊರತಂದರು. ಬಡವರ ಮಕ್ಕಳನ್ನು ಪರೀಕ್ಷೆಯ ಜರಡಿಯಿಂದ ಹೊರಗೆ ಚೆಲ್ಲುವ ಶಿಕ್ಷಣವನ್ನು ಅವರು ಅಂಕಿಸಂಖ್ಯೆಗಳೊಡನೆ ಎತ್ತಿ ತೋರಿಸಿದುದು ಯುರೋಪಿನ ಶಿಕ್ಷಣತಜ್ಞರನ್ನೆಲ್ಲ ಎಚ್ಚರಿಸಿತು. ಪುಸ್ತಕ ಹೊರಬಂದ ಕೆಲವೇ ವಾರಗಳಲ್ಲಿ, ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಮಿಲಾನಿ ತೀರಿಕೊಂಡನು.

ಬಾರ್ಬಿಯಾನದ ಅಳತೆಗೋಲನ್ನು ಹಾವೇರಿಗೂ ಹಿಡಿಯಬಹುದು. ಅಲ್ಲಿಯ ಚಿಕ್ಕ ಶಾಲೆಗೆ ಮಗುವನ್ನು ಸೇರಿಸಲು ಹೋಗುವ ತಂದೆ ಮುಂದಿನ ಸಾಲಿನ ಹುಡುಗನಿಂದ ಇಂಗ್ಲಿಷ್ ಪದ್ಯ ಹೇಳಿಸಿ ಕೇಳುವ ಬದಲು, ಮೂರನೆಯ ತರಗತಿಯ ಕೊನೆಯ ಸಾಲಿನಲ್ಲಿ ಕುಳಿತ ಮಗುವಿನ ಕೈಗೆ ಅದು ಹಿಂದೆ ನೋಡಿರದ ಒಂದು ಕನ್ನಡ ಕಥೆಯನ್ನು ಕೊಟ್ಟು ಓದಿಸಬೇಕು. ಓದಿದುದನ್ನು ತನ್ನ ಮಾತಿನಲ್ಲಿ ಹೇಳುವಂತೆ ಕೇಳಬೇಕು. ಹಾಜರಿ ಪುಸ್ತಕದಲ್ಲಿ ಫೆಬ್ರವರಿ, ಮಾರ್ಚಿ ತಿಂಗಳ ಪುಟಗಳನ್ನು ತಿರುವಿ ನೋಡಬೇಕು. ಹೋದ ವರ್ಷ ಎಷ್ಟು ಮಕ್ಕಳು ನಡುವೆ ಶಾಲೆ ಬಿಟ್ಟರು, ಅವರು ಯಾರ ಮಕ್ಕಳು ಎಂದು ವಿಚಾರಿಸಬೇಕು. ಇದನ್ನೆಲ್ಲ ತೋರಿಸಲು ಹಿಂಜರಿಯದ ಮುಖ್ಯೋಪಾಧ್ಯಾಯಿನಿ ಸಿಕ್ಕರೆ, ಕಟ್ಟಡದ ಹೆಂಚು ಸೋರುತ್ತಿದ್ದರೂ ಹೆಸರು ಬರೆಯಿಸಬಹುದು.